ದೋಣಿಯಕ್ಕ ಮತ್ತು ಅವಳ ಎಂಜಿನ್ನು
ನಮ್ಮ ಹೊಳೆಯಲ್ಲಿ ಡೀಸೆಲ್ ದೋಣಿ ನಡೆಸುವವಳನ್ನು ಹಲ್ಲಿಲ್ಲದ ಮುದುಕರೂ ದೋಣಿಯಕ್ಕ ಎಂದೇ ಕರೆಯುತ್ತಾರೆ. ಅವಳು ಎಂಜಿನ್ನಿನೊಂದಿಗೆ ಆಡುವಷ್ಟು ಮಾತನ್ನು ಗಂಡನೊಂದಿಗೂ ಆಡುವುದಿಲ್ಲ. ಗಂಡನಿಗೂ ಅದೇ ನೆಮ್ಮದಿ. ಬೆಳಗ್ಗೆ ‘ಏಳು ತಾಯಿ’ ಎಂದು ಅದನ್ನು ಎಬ್ಬಿಸುತ್ತಾಳೆ, ಕೆಮ್ಮಿದರೆ ‘ನಾಟಕ ಸಾಕು’ ಎಂದು ಗದರುತ್ತಾಳೆ. ಟ್ಯಾಂಕಿನೊಳಗೆ ಇಣುಕಿ ನೋಡುವುದು ಅವಳ ಪ್ರಕಾರ ಹೇಡಿಗಳ ಕೆಲಸ. ಡೀಸೆಲ್ ಎಷ್ಟಿದೆಯೆಂದು ಅವಳಿಗೆ ಸದ್ದಿನಲ್ಲೇ ತಿಳಿಯುತ್ತದೆ. ಮೊನ್ನೆ ಮಾತ್ರ ತಿಳಿಯಲಿಲ್ಲ. ನಡುಹೊಳೆಯಲ್ಲಿ ಎಂಜಿನ್ ನಿಂತುಹೋಗಿ, ದೋಣಿ ನಮ್ಮನ್ನೆಲ್ಲ ಹೊತ್ತು ಸೇತುವೆಯ ಕಂಬಗಳತ್ತ ತೇಲತೊಡಗಿತು. ಕ್ಯಾನಿನಲ್ಲಿದ್ದ ಡೀಸೆಲ್ ಸುರಿದರೂ ಅದು ಏಳಲಿಲ್ಲ. ‘ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿದೆ. ಅದನ್ನ ಓಡಿಸದೆ ನಾನೂ ಏಳಲ್ಲ’ ಎಂದು ಸೆರಗು ಸಿಕ್ಕಿಸಿ ಕೂತಳು. ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರೆ ಬರೀ ನೊರೆ ಬಂತು. ಹೆಬ್ಬೆರಳು ಸುಲಿದರೂ ಒತ್ತುವುದನ್ನು ಬಿಡಲಿಲ್ಲ. ಎಂದಿನಂತೆ ದೋಣಿಯ ಮೂಲೆಯಲ್ಲಿ ಕೂತಿದ್ದ ಅವಳ ಅತ್ತೆ ‘ಬಿಟ್ಟು ಏಳೇ, ಯಾರನ್ನಾದ್ರೂ ಕೂಗೋಣ!’ ಎಂದು ರೇಗಿದರು. ‘ಗಾಳಿ ಹೋಗ್ಲಿ ಅತ್ತೆ’ ಎಂದಳೇ ಹೊರತು ತಲೆಯೆತ್ತಲಿಲ್ಲ. ಕೊನೆಗೆ ನೊರೆ ನಿಂತು ಡೀಸೆಲ್ ತಿಳಿಯಾಗಿ ಹರಿದಾಗ ಸ್ಕ್ರೂ ಬಿಗಿದು ಕೀಲಿ ತಿರುಗಿಸಿದಳು. ಎಂಜಿನ್ ಮೊದಲು ನರಳಿತು, ಆಮೇಲೆ ಗುಡುಗಿತು. ಇನ್ನೇನು ಕಂಬಕ್ಕೆ ಬಡಿಯಿತು ಎನ್ನುವಾಗ ದೋಣಿ ತಿರುಗಿತು. ದಡ ಸೇರಿದ ಮೇಲೆ ಅವಳು ಎಂಜಿನ್ ಆರಿಸಿ ಅತ್ತೆಯ ಪಕ್ಕ ಬಂದು ಕೂತಳು. ‘ನಂಗೆ ಈಜು ಬರಲ್ಲ ಅತ್ತೆ’ ಎಂದಳು ಮೆಲ್ಲಗೆ. ಇಷ್ಟು ವರ್ಷ ದೋಣಿ ನಡೆಸಿದವಳ ಬಾಯಲ್ಲಿ ಈ ಮಾತು ಕೇಳಿ ನಾವು ದಂಗಾದೆವು. ಅತ್ತೆ ಅವಳ ಕೈಯ ಎಣ್ಣೆ ಒರೆಸುತ್ತ, ‘ಗೊತ್ತು ಕಣೇ. ನಂಗೆ ಬರುತ್ತಲ್ಲ! ಮತ್ತೆ ದಿನಾ ಯಾಕೆ ಬಂದು ಕೂರ್ತೀನಿ ಅಂದ್ಕೊಂಡೆ?’ ಎಂದರು.