ಬಾಳೂರು ಜೀಪಿನಲ್ಲಿ ಕಾನೂನು ಪಾಠ

“ಅದನ್ನ ಇನ್ನೊಂದ್ಸಲ ಜೋರಾಗಿ ಓದಿ, ಎಲ್ರಿಗೂ ಕೇಳ್ಲಿ” ಎಂದ ಜೀಪಿನ ಡ್ರೈವರ್. ಕೊಟ್ಟಿಗೆಹಾರದಿಂದ ಬಾಳೂರಿಗೆ ಹೊರಟ ಆ ಜೀಪಿನಲ್ಲಿ ನಾವು ಆಗಲೇ ಹದಿನಾಲ್ಕು ಜನ. ಐಎಎಸ್ ಪರೀಕ್ಷೆಗೆ ಕಾನೂನನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡಿರುವ ನಾನು ತೊಡೆಯ ಮೇಲೆ ನೋಟ್ಸ್ ಇಟ್ಟುಕೊಂಡು ಒಂದು ನಿಯಮ ಉರು ಹೊಡೆಯುತ್ತಿದ್ದೆ: ಅಪಾಯ ಗೊತ್ತಿದ್ದೂ ಒಪ್ಪಿಕೊಂಡವರು ಆಮೇಲೆ ಪರಿಹಾರ ಕೇಳುವಂತಿಲ್ಲ.

ಜೋರಾಗಿ ಓದಿದೆ. “ಕೇಳಿದ್ರಲ್ಲ, ಹತ್ತಿದ್ಮೇಲೆ ನಂಗೇನೂ ಹೇಳಂಗಿಲ್ಲ” ಎಂದು ಡ್ರೈವರ್ ಹಿಂದಿನ ಮೆಟ್ಟಿಲಿಗೆ ಇನ್ನಿಬ್ಬರನ್ನು ಹತ್ತಿಸಿಕೊಂಡ.

ಕಾಫಿ ಕುಯ್ಯಲು ಹೊರಟಿದ್ದ ಅಜ್ಜಿಯೊಬ್ಬರು ನನಗೆ ಒತ್ತಿಕೊಂಡು ಕೂತಿದ್ದರು. “ಅಲ್ಲ ಮಾರಾಯ, ಈ ಹೊತ್ತಿಗೆ ನಿಂದು ಬಿಟ್ರೆ ಬೇರೆ ಗಾಡಿ ಇದ್ಯಾ? ಗತಿಯಿಲ್ದೆ ಹತ್ತಿದ್ರೆ ಒಪ್ಪಿ ಹತ್ತಿದಂಗೆ ಹೆಂಗಾಗ್ತದೆ?” ಎಂದರು.

ನಾನು ಪುಟ ತಿರುಗಿಸಿದೆ. ನಿಯಮದ ವಿನಾಯಿತಿ ಅಲ್ಲಿತ್ತು: ಬೇರೆ ದಾರಿಯಿಲ್ಲದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಹೋದ ಸಲ ಪರೀಕ್ಷೆಯಲ್ಲಿ ನಾನು ಬರೆಯಲು ಮರೆತದ್ದು ಇದನ್ನೇ. ಅದನ್ನೂ ಜೋರಾಗಿ ಓದಿದೆ. ಡ್ರೈವರ್ ಸುಮ್ಮಸುಮ್ಮನೆ ಹಾರ್ನ್ ಹೊಡೆಯತೊಡಗಿದ.

ಇಂಥ ಅಜ್ಜಿ ಸಿಕ್ಕಿದ ಮೇಲೆ ಬಿಡಲಾದೀತೇ? ನನ್ನ ಗೋಳನ್ನೂ ಹೇಳಿಕೊಂಡೆ: ಎರಡು ಸಲ ಫೇಲು, ಮುಗಿಯದ ಪಾಠ, ಇಲ್ಲದ ನಿದ್ದೆ. ಇಳಿಯುವಾಗ ಅವರು ಕೇಳಿದರು, “ಪರೀಕ್ಷೆ ಬರಿ ಅಂತ ನಿನ್ನ ಯಾರಾದ್ರೂ ಒತ್ತಾಯ ಮಾಡಿದ್ರಾ ಮಗಾ?”

“ಇಲ್ಲ ಅಜ್ಜಿ.”

“ಹಂಗಾದ್ರೆ ಮೊದ್ಲು ಓದಿದ್ಯಲ್ಲ, ಆ ಪುಟ ನಿಂಗೇ.”

ಮೂರನೇ ಸಲದ ಅರ್ಜಿ ಹಾಕಿದ್ದೇನೆ. ಗೊಣಗುವ ಹಕ್ಕು ಮಾತ್ರ ಆ ಜೀಪಿನಲ್ಲೇ ಹೋಯಿತು.