ಮಂಜಯ್ಯ ಶೆಟ್ಟರ ಒಂಟಿಗಣ್ಣಿನ ಯೋಗ

ಮರವಂತೆಯ ಮಂಜಯ್ಯ ಶೆಟ್ಟರಿಗೆ ಸುಳ್ಳು ಹೇಳುವ ಚಟವೇನೂ ಇರಲಿಲ್ಲ. ಸತ್ಯವನ್ನು ಇದ್ದ ಹಾಗೇ ಹೇಳಿದರೆ ಕೇಳುವವರಿಗೆ ಬೇಜಾರಾದೀತು ಎಂಬ ಕಾಳಜಿ, ಅಷ್ಟೆ. ಮುಂಬಯಿಯ ಹೋಟೆಲಿನಲ್ಲಿ ಮೂವತ್ತು ವರ್ಷ ಗಿರಾಕಿಗಳನ್ನು ನಗಿಸಿ ಊರಿಗೆ ಮರಳಿದವರು. ಈಗ ಅವರಿಗಿದ್ದ ಗಿರಾಕಿ ಒಬ್ಬಳೇ: ಮಗಳ ಮಗಳು, ನಾಲ್ಕು ವರ್ಷದ ನಿಶ್ಮಿತಾ. ತಾಯಿ ಶರಣ್ಯಾ ಬೈಂದೂರಿನ ಬ್ಯಾಂಕಿಗೆ ಹೊರಟಳೆಂದರೆ, ಮಗುವನ್ನು ಅಂಗನವಾಡಿಗೆ ಬಿಟ್ಟು ಕರೆತರುವ ಕೆಲಸ ಅಜ್ಜನದು.

ಒಂದು ದಿನ ಶೆಟ್ಟರು ಹೋದಾಗ ಅಂಗನವಾಡಿಯ ಸರಸ ಟೀಚರ್ ಆಟ ಆಡಿಸುತ್ತಿದ್ದರು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ದೂರದಲ್ಲಿ ಟೀಚರ್ ಹಿಡಿದ ಚಿತ್ರ ಯಾವುದೆಂದು ಹೇಳಬೇಕು. ಎಡಗಣ್ಣು ಮುಚ್ಚಿದ ನಿಶ್ಮಿತಾ "ಕೋಳಿ! ದೋಣಿ!" ಎಂದು ಕೂಗಿದಳು. ಬಲಗಣ್ಣು ಮುಚ್ಚಿದಾಗ ಮಾತ್ರ ಸದ್ದಿಲ್ಲ. ಆಮೇಲೆ ಮೆಲ್ಲಗೆ ಬೆರಳು ಸರಿಸಿ, ಸಂದಿನಿಂದ ಇಣುಕಿ, "ಬೆಕ್ಕ್!" ಎಂದಳು.

"ಕಂಡ್ರ್ಯಾ ಟೀಚರೇ, ಎಷ್ಟ್ ಚುರ್ಕ್! ಮೋಸ ಮಾಡುಕೂ ಬತ್ತ್ ನನ್ ಮೊಮ್ಮಗಳಿಗೆ" ಎಂದು ಶೆಟ್ಟರು ಹೆಮ್ಮೆಪಟ್ಟರು.

ಸರಸ ನಗಲಿಲ್ಲ. "ಶೆಟ್ರೇ, ಇದ್ ಮೋಸ ಅಲ್ಲ. ಎಡಗಣ್ಣಿಗೆ ಸಮಾ ಕಾಣ್ತಿಲ್ಲೆ, ಅದ್ಕೇ ಕದ್ದ್ ಕಾಣ್ತ್. ಬೇಗ ಡಾಕ್ಟ್ರಿಗೆ ತೋರ್ಸ್ಕ್."

ಕುಂದಾಪುರದ ಕಣ್ಣಿನ ಡಾಕ್ಟರಮ್ಮ ಮಗುವಿನ ಕಣ್ಣಿಗೆ ಮದ್ದು ಬಿಟ್ಟು ಪರೀಕ್ಷೆ ಮಾಡಿ ಅದನ್ನೇ ಹೇಳಿದರು. ಎಡಗಣ್ಣಿನ ಪವರ್ ಹೆಚ್ಚು. ಆ ಕಣ್ಣಿನಿಂದ ಬರುವುದೆಲ್ಲ ಮಸುಕು ಎಂದು ಮಿದುಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಕನ್ನಡಕ ಹಾಕಬೇಕು, ಜೊತೆಗೆ ದಿನಕ್ಕೆ ನಾಲ್ಕು ಗಂಟೆ, ಚೆನ್ನಾಗಿ ಕಾಣುವ ಬಲಗಣ್ಣನ್ನು ಅಂಟುಪಟ್ಟಿಯಿಂದ ಮುಚ್ಚಬೇಕು. ಆಗ ಸೋಮಾರಿ ಕಣ್ಣು ಕೆಲಸ ಕಲಿಯುತ್ತದೆ. "ಈಗಲೇ ಬಂದದ್ದು ಒಳ್ಳೆಯದಾಯ್ತು. ದೊಡ್ಡವಳಾದ ಮೇಲೆ ಬಂದಿದ್ದರೆ ಬಹಳ ಕಷ್ಟವಿತ್ತು" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಶೆಟ್ಟರಿಗೆ, ಮೆಟ್ಟಿಲಲ್ಲಿ ಮಗು ಎಡವಿದಾಗಲೆಲ್ಲ "ನೆಲ ಒದಿತ್ತ್ ಪೋರಿ" ಎಂದು ನಕ್ಕಿದ್ದು ನೆನಪಾಯಿತು. ಇಳಿಯುವಾಗ ಮೊಮ್ಮಗಳನ್ನು ಎತ್ತಿಕೊಂಡೇ ಇಳಿದರು.

ನಿಶ್ಮಿತಾಳಿಗೆ ಮಾತ್ರ ಪಟ್ಟಿಯೆಂದರೆ ಹೊಸ ಆಟದ ಸಾಮಾನು. ಮೊದಲ ದಿನ ಅದನ್ನು ಕಿತ್ತು ಕರುವಿನ ಹಣೆಗೆ ಅಂಟಿಸಿದಳು. ಎರಡನೆಯ ದಿನ ಮಧ್ಯಾಹ್ನ ನಿದ್ದೆಯಲ್ಲಿದ್ದ ಅಜ್ಜನ ಬೋಳು ತಲೆಗೆ. ಮೂರನೆಯ ದಿನ ಅಜ್ಜಿ ಉಮಾವತಿ ಕೋಲು ತೋರಿಸಿದಾಗ, "ಅಜ್ಜನೂ ಹಾಕ್ಲಿ!" ಎಂದು ಅಂಗಳದಲ್ಲಿ ಹೊರಳಾಡಿದಳು.

ಶೆಟ್ಟರು ಹಾಕಿಕೊಂಡರು.

ಒಂಟಿಗಣ್ಣಿನಲ್ಲಿ ಗಂಗೊಳ್ಳಿಗೆ ಮೀನು ತರಲು ಹೋದಾಗ, ಮೀನು ಮಾರುವ ಹೆಂಗಸರೆಲ್ಲ ಏನಾಯಿತೆಂದು ಕೇಳಿದರು. ಸತ್ತ ಅಂಜಲ್ ಮೀನೊಂದು ಬಾಲ ಬೀಸಿ ಹೊಡೆಯಿತೆಂದು ಶೆಟ್ಟರು ಗಂಭೀರವಾಗಿ ಹೇಳಿದರು. ಹೆದ್ದಾರಿ ಬದಿಯ ಚಾ ಅಂಗಡಿಯ ಉಮಾನಾಥ ಕೇಳಿದಾಗ ಇನ್ನೂ ದೊಡ್ಡದು ಬಿಟ್ಟರು.

"ಹ್ವಾಯ್ ಶೆಟ್ರೇ, ಕಣ್ಣಿಗೆಂತ ಆಯ್ತ್?"

"ಇದ್ ಬೊಂಬಾಯಿ ಯೋಗ ಮಾರಾಯ. ದಿನಾ ಒಂದ್ ಕಣ್ಣ್ ಮುಚ್ಕಂಡ್ರೆ, ಇಪ್ಪತ್ ವರ್ಷದ್ ದೃಷ್ಟಿ ವಾಪಾಸ್ ಬತ್ತ್."

ಮೂರು ದಿನ ಕಳೆಯುವಷ್ಟರಲ್ಲಿ ಉಮಾನಾಥನ ಸ್ಕೂಟರ್ ಶೆಟ್ಟರ ಅಂಗಳಕ್ಕೆ ನುಗ್ಗಿತು. ಮುಂದೆ ನಿಂತಿದ್ದವಳು ಐದು ವರ್ಷದ ಮಗಳು ಶ್ರಾವ್ಯ.

"ನಿಮ್ ಯೋಗ ಮಾಡಿ ನನ್ ಮಗಳ್ ಕಣ್ಣ್ ಹೋಯ್ತಲೆ ಶೆಟ್ರೇ!"

ಉಮಾನಾಥನ ಮನೆಯಲ್ಲಿ ಎಲ್ಲರೂ ಸಾಲಾಗಿ ಕೂತು ಯೋಗ ಶುರುಮಾಡಿದ್ದರಂತೆ. ಶ್ರಾವ್ಯ ಎಡಗಣ್ಣು ಮುಚ್ಚಿಕೊಂಡು ಗೋಡೆ ನೋಡಿ, "ಅಪ್ಪಯ್ಯ, ಕ್ಯಾಲೆಂಡರಲ್ಲಿಪ್ಪ ದೇವ್ರ್ ಎಲ್ಲಿಗ್ ಹೋಯ್ತ್?" ಎಂದು ಕೇಳಿದ್ದಳು.

ಬಾಗಿಲಲ್ಲಿ ನಿಂತ ಉಮಾವತಿ, "ಹ್ವಾಯ್, ಈಗೊಂದ್ ಸುಳ್ಳ್ ಹೇಳಿ ಕಾಂಬ" ಎಂದರು. ಜನ್ಮದಲ್ಲೇ ಮೊದಲ ಬಾರಿ ಎಂಬಂತೆ ಶೆಟ್ಟರು ಒಗ್ಗರಣೆಯಿಲ್ಲದ ಸತ್ಯ ಹೇಳಿದರು. "ಯೋಗ ಎಲ್ಲ ಸುಳ್ಳ್ ಮಾರಾಯ. ಮುಚ್ಕಂಡದ್ರಿಂದ ಕಣ್ಣ್ ಹೋಪ್ದಿಲ್ಲೆ. ಮೊದ್ಲೇ ಕಾಣ್ತಿರ್ಲಿಲ್ಲೆ, ಇವತ್ತ್ ಗೊತ್ತಾಯ್ತ್." ಬೈಯಬೇಕೋ ಕಾಲು ಹಿಡಿಯಬೇಕೋ ತಿಳಿಯದೆ ಉಮಾನಾಥ ಸ್ಕೂಟರಿನ ಮೇಲೇ ಕೂತ.

ಮರುದಿನ ಎಲ್ಲರೂ ಒಟ್ಟಿಗೆ ಕುಂದಾಪುರಕ್ಕೆ ಹೋದರು. ಡಾಕ್ಟರಮ್ಮ ಶೆಟ್ಟರ ಪಟ್ಟಿ ನೋಡಿ, "ಇವರಿಗೆ ಇದನ್ನು ಬರೆದುಕೊಟ್ಟದ್ದು ಯಾರು?" ಎಂದರು.

"ನಾನ್!" ಎಂದಳು ನಿಶ್ಮಿತಾ.

ಶ್ರಾವ್ಯಳದೂ ಅದೇ ತೊಂದರೆ, ಬಲಗಣ್ಣಿನಲ್ಲಿ. ಸದ್ಯ, ಅಷ್ಟು ಹೆಚ್ಚಿರಲಿಲ್ಲ. ಅವಳಿಗೂ ಕನ್ನಡಕ, ಪಟ್ಟಿ. ಹೇಗೆ ಪತ್ತೆ ಮಾಡಿದಿರೆಂದು ಡಾಕ್ಟರಮ್ಮ ಕೇಳಿದಾಗ ಉಮಾನಾಥ ನಾಚಿಕೊಂಡು, "ಯೋಗದಲ್ಲಿ" ಎಂದ.

ಅಂದಿನಿಂದ ಸಂಜೆ ಚಾ ಅಂಗಡಿಯ ಬೆಂಚಿನಲ್ಲಿ ಮೂರು ಪಟ್ಟಿಗಳು ಸಾಲಾಗಿ ಕೂರತೊಡಗಿದವು. ಮಕ್ಕಳು ಚಿತ್ರಕ್ಕೆ ಬಣ್ಣ ತುಂಬಿದರು, ಮಣಿ ಪೋಣಿಸಿದರು. ಶೆಟ್ಟರು ಒಂಟಿಗಣ್ಣಿನಲ್ಲಿ ಸೂಜಿಗೆ ದಾರ ಹಾಕಲು ಹೋಗಿ ಸೋತು, ಇಬ್ಬರಿಂದಲೂ ಬೈಸಿಕೊಂಡರು. ಅವರನ್ನು ನೋಡಲು ಬಂದ ತಾಯಂದಿರನ್ನು ಸರಸ ಟೀಚರ್ ಅಲ್ಲೇ ಹಿಡಿದು, ನಿಮ್ಮ ಮಕ್ಕಳನ್ನೂ ಒಮ್ಮೆ ತೋರಿಸಿ ಎಂದು ಬೆನ್ನು ಹತ್ತಿದರು.

ಒಂದು ವರ್ಷದ ಮೇಲೆ ನಿಶ್ಮಿತಾ ಎಡಗಣ್ಣೊಂದರಲ್ಲೇ ಡಾಕ್ಟರಮ್ಮನ ಬೋರ್ಡಿನ ಸಣ್ಣ ಸಾಲನ್ನೂ ಓದಿದಳು. ಕನ್ನಡಕ ಇರಲಿ, ಪಟ್ಟಿಯನ್ನು ನಿಧಾನಕ್ಕೆ ಕಡಿಮೆ ಮಾಡೋಣ, ಆಗಾಗ ಬಂದು ತೋರಿಸಿ ಎಂದರು ಡಾಕ್ಟರಮ್ಮ. ಶೆಟ್ಟರು ಕಣ್ಣೊರೆಸಿಕೊಂಡು ಮೊಮ್ಮಗಳನ್ನು ಎತ್ತಿಕೊಂಡರು. ಅವಳು ಬಲಗಣ್ಣು ಮುಚ್ಚಿ, ಅಜ್ಜನ ಮುಖವನ್ನು ಹತ್ತಿರದಿಂದ ಬಹಳ ಹೊತ್ತು ನೋಡಿದಳು.

"ಅಜ್ಜಾ," ಎಂದಳು, ಇಡೀ ಆಸ್ಪತ್ರೆಗೆ ಕೇಳುವ ಹಾಗೆ, "ನಿನ್ ಮೂಗಿನೊಳ್ಗೆ ಏಳ್ ಬಿಳಿ ಕೂದ್ಲ್ ಇತ್ತ್!"