ಹೆಬ್ಬೆರಳು ಏಳದ ದಿನ

ಸಣ್ಣವಳಿದ್ದಾಗ ಮೂಳೆಯಲ್ಲಿ ಕೀವಾಗಿ ನನ್ನ ಎಡಗಾಲು ಸರಿಯಾಗಿ ಬೆಳೆಯಲೇ ಇಲ್ಲ. ಪಿಯುಸಿಗೆ ಸೇರುವ ವರ್ಷ ಬಾಗಲಕೋಟೆಯ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಮೂಳೆ ಕತ್ತರಿಸಿ, ಸುತ್ತ ಕಬ್ಬಿಣದ ಉಂಗುರಗಳನ್ನು ಕೂರಿಸಿ ನಮ್ಮೂರು ಬೇವೂರಿಗೆ ಕಳಿಸಿದರು. ದಿನವೂ ಆ ಉಂಗುರಗಳ ನಟ್ಟುಗಳನ್ನು ಚೂರುಚೂರೇ ತಿರುಗಿಸಿದರೆ ಮೂಳೆಯ ತುಂಡುಗಳು ದೂರ ಸರಿದು, ನಡುವೆ ಹೊಸ ಮೂಳೆ ತುಂಬಿಕೊಳ್ಳುತ್ತದೆ ಎಂದಿದ್ದರು. ಆ ಕೆಲಸ ಅವ್ವನದು. ಪಾದ ಸೆಟೆದುಕೊಳ್ಳದಂತೆ ಮೇಲಕ್ಕೆ ಒತ್ತಿ ಹಿಡಿಯುವುದೂ ಅವಳದೇ. ಶನಿವಾರ ಬಾಗಲಕೋಟೆಯ ನವನಗರದಿಂದ ಫಿಜಿಯೋಥೆರಪಿ ಮೇಡಂ ಸ್ಕೂಟಿಯಲ್ಲಿ ಬಂದು ನೋಡಿ ಹೋಗುತ್ತಿದ್ದರು.

ಅಡುಗೆಮನೆಯಿಂದ ಅವ್ವನ ಬಳೆಯ ಸದ್ದು ಹತ್ತಿರ ಬಂದರೆ ಸಾಕು, ನಾನು ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಳ್ಳುತ್ತಿದ್ದೆ.

"ಅಳಬ್ಯಾಡವಾ. ನೀ ಅತ್ತರ ನನ್ನ ಕೈಯಾಗ ಬಲಾನ ಬರಂಗಿಲ್ಲ," ಎನ್ನುತ್ತಿದ್ದಳು. ನಾನು ದಿಂಬು ಕಚ್ಚುತ್ತಿದ್ದೆ.

ಒಂದು ಬೆಳಿಗ್ಗೆ ಒತ್ತಿ ಮುಗಿಸಿ, "ಈಗ ನೀನ ಕಾಲಿನ ಹೆಬ್ಬಟ್ಟ ಎತ್ತು," ಎಂದಳು. ಎತ್ತಿದೆ ಅಂದುಕೊಂಡೆ. ಹೆಬ್ಬೆರಳು ಬಿದ್ದಲ್ಲೇ ಬಿದ್ದಿತ್ತು.

"ಎತ್ತವಾ."

"ಎತ್ತೀನಲ್ಲಬೇ!"

ಅವ್ವ ಪಾದದ ಮೇಲೆ ಬೆರಳಾಡಿಸಿದಳು. ದಪ್ಪ ಕಾಲುಚೀಲದ ಮೇಲಿಂದ ಮುಟ್ಟಿದಂತಾಯಿತು. ಒತ್ತುವಾಗಲೇ ಒಳಗೆ ಏನೋ ಹರಿದಿದೆ ಎಂದು ನನಗೆ ಅನಿಸಿತು. ಅವಳ ಮುಖದಲ್ಲೂ ಅದೇ ಇತ್ತು.

ಮೇಡಂಗೆ ಫೋನ್ ಮಾಡಿದಳು. "ಅಕ್ಕಾರ, ಇವತ್ತ ನಟ್ಟ ತಿರುವಬ್ಯಾಡ್ರಿ. ಹಂಗ ದವಾಖಾನಿಗೆ ಬರ್ರಿ," ಎಂದರು ಅವರು.

"ನಾ ಒತ್ತಿದ್ದಕ್ಕ ಆತೇನ್ರಿ?"

"ನೀವೇನೂ ಮಾಡಿಲ್ರಿ. ನರ ಜಗ್ಗಿರಬೇಕು. ಲಗೂನ ಬರ್ರಿ."

ಪಕ್ಕದ ಮನೆಯವರ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದೆ. ಅವ್ವ ಉಂಗುರಗಳನ್ನು ಹಿಡಿದುಕೊಂಡಿದ್ದಳು. ರಸ್ತೆಯ ಗುಂಡಿ ಬಂದಾಗಲೆಲ್ಲ ಅವನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಏಳು, ಏಳು ಎಂದು ದಾರಿಯುದ್ದಕ್ಕೂ ಹೆಬ್ಬೆರಳಿಗೆ ಹೇಳುತ್ತಲೇ ಇದ್ದೆ.

ಮೂಳೆ ಉದ್ದವಾಗುವ ವೇಗಕ್ಕೆ ನರ ಹಿಗ್ಗಿಲ್ಲ, ಕೆಲವು ದಿನ ನಿಲ್ಲಿಸಿ ಆಮೇಲೆ ನಿಧಾನಕ್ಕೆ ತಿರುಗಿಸಿ ಎಂದರು ಡಾಕ್ಟರು. ಬೆರಳು ಮೊದಲಿನಂತಾಗುತ್ತದೆಯೇ ಎಂದು ಕೇಳಿದೆ.

"ಬಹುಶಃ ಆಗ್ತೈತವಾ."

ಆ 'ಬಹುಶಃ' ನನ್ನನ್ನು ಹಿಂಡಿಬಿಟ್ಟಿತು. ಅವ್ವ ಅಂತೂ ನನ್ನ ಪಾದ ಮುಟ್ಟಲೇ ಹೆದರಿದಳು. ಅಲ್ಲಿಯತನಕ ಬಿಡು ಬಿಡು ಎಂದು ಕೂಗುತ್ತಿದ್ದ ನಾನೇ, "ಒತ್ತಬೇ, ಪಾದ ಸೆಟೀತೈತಿ," ಎಂದು ಅಂಗಲಾಚಬೇಕಾಯಿತು. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡು ಒತ್ತುತ್ತಿದ್ದಳು.

ವಾರಗಳು ಕಳೆದ ಮೇಲೆ ಒಂದು ದಿನ ಹಾಗೆಯೇ ಒತ್ತುತ್ತಿದ್ದವಳು, "ಅಳ್ಳಾಡ್ತು!" ಎಂದು ಚೀರಿದಳು. ನನಗೆ ಏನೂ ತಿಳಿದಿರಲಿಲ್ಲ. ಅವಳ ಅಂಗೈಗೆ ಮೊದಲು ಗೊತ್ತಾಗಿತ್ತು.

ಈಗ ಉಂಗುರಗಳಿಲ್ಲ, ಎರಡೂ ಕಾಲು ಹೆಚ್ಚುಕಡಿಮೆ ಸಮ. ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಹೋಗುತ್ತೇನೆ. ಆದರೆ ಮಲಗಿದ್ದಾಗ ಯಾರ ಕೈಯಾದರೂ ಪಾದಕ್ಕೆ ತಗುಲಿದರೆ ಇವತ್ತಿಗೂ ಬೆಚ್ಚಿ ಎದ್ದು ಕೂರುತ್ತೇನೆ.